ಬಿದ್ದವರಿಗೆ ಮಾತ್ರ

ಹೊನ್ನಾಳಿಯ ಮಂಡಿಯಲ್ಲಿ ನಾನು ಹದಿನೆಂಟು ವರ್ಷ ಚೀಲ ಹೊತ್ತಿದ್ದೇನೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಎಪ್ಪತ್ತರ ದಶಕದಲ್ಲಿ ಜಗಳೂರು ಕಡೆಯಿಂದ ಬರುತ್ತಿದ್ದ ಜೋಳದ ಚೀಲ ಒಂದೊಂದೂ ನೂರು ಕೆಜಿ. ಸಾಸ್ವೆಹಳ್ಳಿ ಕಡೆಯ ಭತ್ತದ ಚೀಲ ಎಪ್ಪತ್ತೈದು. ಲಾರಿಗೆ ಆನಿಸಿದ ಹಲಗೆಯ ಮೇಲೆ ಬರಿಗಾಲಲ್ಲಿ ಇಳಿಯುವಾಗ ಆ ಹಲಗೆ ಬಾಗಿ ಬಾಗಿ ಏಳುತ್ತದಲ್ಲ, ಅದರ ಏರಿಳಿತಕ್ಕೆ ಕಾಲು ಕೂಡಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಶಾಲೆಯ ವಿದ್ಯೆ ನನಗೆ ನಾಲ್ಕನೇ ಕ್ಲಾಸಿಗೇ ಮುಗಿದಿತ್ತು. ಈ ವಿದ್ಯೆಯಲ್ಲಿ ಮಾತ್ರ ಯಾವ ಮಗನೂ ನನ್ನನ್ನು ಹಿಂದಿನ ಬೆಂಚಿಗೆ ಕೂರಿಸಿದ್ದಿಲ್ಲ.

ನಾವು ಹನ್ನೆರಡು ಜನ ಹಮಾಲರು. ಆ ಹನ್ನೆರಡರಲ್ಲಿ ಅಕ್ಷರ ಬರುತ್ತಿದ್ದುದು ನನಗೊಬ್ಬನಿಗೆ. ಹಾಗಾಗಿ ಚೀಲದ ಮೇಲೆ ಯಾವ ಊರಿಗೆ ಹೋಗಬೇಕೆಂದು ಕಪ್ಪು ಮಸಿಯಲ್ಲಿ ಬರೆಯುವ ಕೆಲಸವೂ ನನ್ನದೇ. ತೆಂಗಿನ ನಾರನ್ನು ಜಜ್ಜಿ ಕುಂಚ ಮಾಡಿಕೊಂಡು ಚನ್ನಗಿರಿ, ನ್ಯಾಮತಿ, ಜಗಳೂರು ಅಂತ ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ. ಅದಕ್ಕೆ ಬೇರೆ ಕೂಲಿ ಇರಲಿಲ್ಲ, ಮರ್ಯಾದೆ ಇತ್ತು. ಬರೆಯುವಾಗ ಹಿಂದೆ ಇಬ್ಬರು ಮೂವರು ನಿಂತು ನೋಡುತ್ತಿದ್ದರು. ನಾನೂ ಸ್ವಲ್ಪ ನಿಧಾನಕ್ಕೇ ಬರೆಯುತ್ತಿದ್ದೆ.

ಒಂದು ವರ್ಷ ಭತ್ತದ ಸುಗ್ಗಿಯಲ್ಲಿ ನಮ್ಮಲ್ಲಿ ಎಲ್ಲರಿಗಿಂತ ಕಿರಿಯನೊಬ್ಬ ಹಲಗೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ. ಮೂರು ತಿಂಗಳು ಮಲಗಿದ. ಕಾಲಿಗೆ ಕಟ್ಟು ಹಾಕಿಸಿದ್ದೇನೂ ದೊಡ್ಡ ಖರ್ಚಾಗಲಿಲ್ಲ. ಮಲಗಿದವನ ಮನೆಯಲ್ಲಿ ಒಲೆ ಹತ್ತಬೇಕಲ್ಲ, ಅದೇ ಕಷ್ಟವಾದದ್ದು. ಆಗ ಎದ್ದ ಪ್ರಶ್ನೆ: ಅವನಿಗೆ ಯಾರು ಕೊಡಬೇಕು?

ಮಂಡಿ ಸಾಹುಕಾರರು ಕೆಟ್ಟವರಲ್ಲ. ಹಣೆತುಂಬ ವಿಭೂತಿ, ಹೆಗಲ ಮೇಲೆ ಶಲ್ಯ, ಮಾತು ಮಾತ್ರ ತೂಕಕ್ಕೆ ಇಟ್ಟ ಹಾಗೆ. ಅವನ ಕೈಗೆ ಒಂದಿಷ್ಟು ದುಡ್ಡು ಕೊಟ್ಟು, "ಇದೊಂದು ಸಲ ಕೊಟ್ಟೀನಿ. ರೂಢಿ ಮಾಡ್ಕಬ್ಯಾಡ್ರಿ" ಅಂದರು.

ನನ್ನ ಜೊತೆಗಾರ ಬಿಡಲಿಲ್ಲ. ಜೊತೆಗಾರ ಅಂದರೆ ಚೀಲದ ಆ ಕಡೆಯ ಎರಡು ಕಿವಿ ಹಿಡಿದು ನನ್ನ ಬೆನ್ನಿಗೆ ಎತ್ತಿಕೊಡುವವನು. ನನಗಿಂತ ನಾಲ್ಕು ವರ್ಷ ಚಿಕ್ಕವನು. ಬಾಯಿಗೆ ಬೀಗವಿಲ್ಲದವನು.

"ಸಾವ್ಕಾರ್ರೆ, ಲಾರಿ ಟೈರು ಹರಿದ್ರೆ ಡ್ರೈವರ್ ದುಡ್ಡು ಹಾಕ್ತಾನೇನ್ರಿ?"

"ಲಾರಿ ನಂದು. ನಾನು ಹಾಕ್ತೀನಿ."

"ಗಾಡಿ ಎತ್ತಿಗೆ ಲಾಳ ಹೊಡಿಸ್ತೀರಲ್ಲ?"

"ಎತ್ತೂ ನಂದೇ. ನೀನು ನಂದಲ್ಲವಲ್ಲೋ ಮಾರಾಯ!"

"ಹಂಗಾದ್ರೆ ದಿನಾ ಬೆಳಗ್ಗೆ 'ಎಲ್ಲಿಗೋದ್ರಲೇ ನಮ್ಮ ಹಮಾಲ್ರು' ಅಂತ ಕೂಗ್ತೀರಲ್ಲ, ಅದು ಯಾರನ್ನ?"

ಎಲ್ಲರೂ ನಕ್ಕೆವು. ಸಾಹುಕಾರರೂ ನಕ್ಕರು. ಆದರೆ ನಗುತ್ತಲೇ ಅವರು ಹೇಳಿದ್ದರಲ್ಲಿ ಅರ್ಥವಿತ್ತು. "ಬೆಳಗ್ಗೆ ಆ ಮಂಡಿ, ಮಧ್ಯಾಹ್ನ ಈ ಮಂಡಿ ಅಂತ ಹೋಗ್ತೀರಿ. ಅಲ್ಲಿ ಸೊಂಟ ಸವೆಸ್ಕಂಡು ಬಂದು ಇಲ್ಲಿ ಬಿದ್ರೆ ನಾನೊಬ್ಬನೇ ಯಾಕೆ ಕೊಡ್ಲಿ? ನಿಮ್ಮ ಮೈ ನಿಮ್ದು. ಅದರ ರಿಪೇರಿನೂ ನಿಮ್ದೇ."

ಅದಾದ ಕೆಲವೇ ದಿನಕ್ಕೆ ಸೈಕಲ್ಲಿನಲ್ಲಿ ಒಬ್ಬ ವಿಮೆ ಏಜೆಂಟ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಚೀಲ. "ಎಲ್ಲರೂ ಒಂದೊಂದು ಪಾಲಿಸಿ ಮಾಡ್ಸಿ" ಅಂದ.

"ಏನು ಪಾಲಿಸ್ಬೇಕ್ರಿ?" ಅಂದ ನನ್ನ ಜೊತೆಗಾರ.

"ಪಾಲಿಸೋದಲ್ಲಪ್ಪ, ಪಾಲಿಸಿ. ಕಂತು ಕಟ್ಕೊಂಡು ಹೋಗೋದು. ನೀವು ಹೋದ್ಮೇಲೆ ನಿಮ್ಮ ಮನೆಯವರಿಗೆ ದುಡ್ಡು ಬರುತ್ತೆ."

"ಎಲ್ಲಿಗೆ ಹೋದ್ಮೇಲೆ? ಚನ್ನಗಿರಿಗಾ?"

ಏಜೆಂಟ್ ಬೆರಳನ್ನು ಮೇಲಕ್ಕೆ ತೋರಿಸಿದ.

"ಅಯ್ಯಯ್ಯೋ! ನನ್ನ ಹೆಂಡ್ತಿ ಮುಂದೆ ಮಾತ್ರ ಹೇಳ್ಬ್ಯಾಡ್ರಿ ಸ್ವಾಮಿ. ಇವತ್ತೇ ಕಳಿಸಿಬಿಟ್ಟಾಳು!"

ನಾನು ಗಂಭೀರವಾಗಿ ಕೇಳಿದೆ. ಕಾಲು ಮುರಿದರೆ ಏನಾದರೂ ಬರುತ್ತದೆಯೇ, ಮೂರು ತಿಂಗಳು ಕೆಲಸ ತಪ್ಪಿದರೆ? ಅವನ ಚೀಲದಲ್ಲಿ ಅಂಥದ್ದು ಇರಲಿಲ್ಲ. ಪಾಪ, ಒಳ್ಳೆಯ ಮನುಷ್ಯ, ಟೀ ಕುಡಿದು ಹೋದ. ಅವನು ಹೋದ ಮೇಲೆ, "ಸತ್ರೆ ಕೊಡ್ತಾರಂತೆ, ಬದುಕಿದ್ರೆ ಇಲ್ವಂತೆ" ಅಂತ ನಮ್ಮ ಜನ ಒಂದು ವಾರ ಆಡಿಕೊಂಡರು. ಸರ್ಕಾರವೇ ಕೊಡಬೇಕು ಅಂತ ಒಬ್ಬ ಅಂದ. ಅಲ್ಲೇ ಜರಡಿ ಹಿಡಿಯುತ್ತಿದ್ದ ದೊಡ್ಡವ್ವ, "ಎಲ್ಲೈತಲೇ ಸರ್ಕಾರ? ಕರ್ಕಂಬಾ, ನಾನೇ ಕೇಳ್ತೀನಿ" ಅಂದಳು.

ಈ ದೊಡ್ಡವ್ವ ಮಂಡಿಯಲ್ಲಿ ಕಾಳು ಗುಡಿಸುವ ಐದು ಹೆಂಗಸರಿಗೆ ಹಿರಿಯಳು. ಲೋಡು ಇಳಿದ ಮೇಲೆ ನೆಲಕ್ಕೆ ಚೆಲ್ಲಿದ ಕಾಳನ್ನು ಗುಡಿಸಿ, ಕೇರಿ, ಕಲ್ಲು ಆರಿಸಿ ಗುಡ್ಡೆ ಮಾಡುತ್ತಿದ್ದರು. ಆ ಕಸಗಾಳಿನಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಅದು ನಮ್ಮಪ್ಪನ ಕಾಲದ ಪದ್ಧತಿ. ದೊಡ್ಡವ್ವನೇ ದಾರಿ ತೆಗೆದಳು: ಪ್ರತಿ ಲೋಡಿನ ಕಸಗಾಳಿನಲ್ಲಿ, ಹಂಚುವುದಕ್ಕೆ ಮುಂಚೆ, ಒಂದು ಸೇರು ಎತ್ತಿಡೋಣ. ಕೆಲಸದಲ್ಲಿ ಪೆಟ್ಟು ತಿಂದವರ ಮನೆಗೆ ಅದು ಹೋಗಲಿ.

ಹಳೆಯದೊಂದು ಡ್ರಮ್ಮು ತಂದು ಬೂದಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಮುಚ್ಚಳಕ್ಕೆ ಬೀಗ ಹಾಕಿದೆವು. ಕೀಲಿ ದೊಡ್ಡವ್ವನ ಸೊಂಟದಲ್ಲಿ. ಡ್ರಮ್ಮು ತುಂಬತೊಡಗಿದ್ದೇ ತಡ, ಜನಕ್ಕೆ ಇಲ್ಲದ ರೋಗವೆಲ್ಲ ಶುರುವಾದವು. ನ್ಯಾಮತಿ ಸಂತೆಗೆ ಹೋಗಿ ಗಂಟಲ ಮಟ್ಟ ಕುಡಿದು ಬಂದವನೊಬ್ಬ ತಲೆನೋವು ಅಂದ. ಇನ್ನೊಬ್ಬನಿಗೆ ಹೆಂಡತಿಯ ಅಕ್ಕನ ಕೆಮ್ಮು. ನಮ್ಮಲ್ಲೇ ವಯಸ್ಸಾದ ಹಮಾಲನೊಬ್ಬ ಅಂಗೈಯಲ್ಲಿ ತನ್ನದೇ ಹಲ್ಲು ಹಿಡಿದು ತಂದು, "ನೋಡು, ಕೆಲಸದ ಹೊತ್ತಿನಾಗೇ ಬಿತ್ತು" ಅಂತ ಸೇರು ಕೇಳಿದ.

ನನಗೆ ರೇಗಿತು. ದುಡಿಯುವ ಜನ ಹೀಗೆ ಕೈ ಚಾಚಬಾರದು ಎಂಬುದು ನನ್ನ ಹಟ. ಮಸಿ ಕುಂಚ ತೆಗೆದುಕೊಂಡು ಡ್ರಮ್ಮಿನ ಹೊಟ್ಟೆಯ ಮೇಲೆ ಚೀಲಕ್ಕೆ ಬರೆಯುವುದಕ್ಕಿಂತ ದಪ್ಪಗೆ ಬರೆದೆ: ಬಿದ್ದವರಿಗೆ ಮಾತ್ರ.

"ಏನು ಬರ್ದೆ, ಓದು" ಅಂದರು. ಓದಿದೆ, ಬಿಡಿಸಿಯೂ ಹೇಳಿದೆ. "ಹಲಗೆಯಿಂದ, ಲಾರಿಯಿಂದ, ಚೀಲದ ಅಟ್ಟಿಯಿಂದ ಬಿದ್ದವರಿಗೆ. ಕೆಮ್ಮಿಗಿಲ್ಲ, ಕುಡಿತಕ್ಕಿಲ್ಲ, ಹಲ್ಲಿಗಂತೂ ಇಲ್ಲವೇ ಇಲ್ಲ." ಎಲ್ಲರೂ ಒಪ್ಪಿದರು. ಹಲ್ಲಿನವನು ಮಾತ್ರ ಮುಖ ಊದಿಸಿಕೊಂಡ. ಹೀಗೆ ಎರಡು ವರ್ಷ ಚೆನ್ನಾಗಿ ನಡೆಯಿತು. ಇಬ್ಬರು ಬಿದ್ದರು, ಇಬ್ಬರ ಮನೆಗೂ ಕಾಳು ಹೋಯಿತು. ನಾನು ಬರೆದ ರೂಲು ಅಂತ ಒಳಗೊಳಗೇ ಬೀಗುತ್ತಿದ್ದೆ.

ಮೂರನೇ ವರ್ಷ ಒಂದು ಮಧ್ಯಾಹ್ನ ಜಗಳೂರಿನ ಜೋಳದ ಲಾರಿ ನಿಂತಿತ್ತು. ಮಳೆ ಮೋಡ ಕಟ್ಟಿತ್ತು. ಜೊತೆಗಾರ ತಂಗಿಯ ಮನೆಗೆ ಹೋಗಿದ್ದ. ಬೇರೆಯವರು ಬರಲಿ ಅಂತ ಕಾಯಬೇಕಿತ್ತು. ನನಗೆಲ್ಲಿಯ ತಾಳ್ಮೆ? ನೆಲದ ಮೇಲಿದ್ದ ಚೀಲವನ್ನು ಮೊಣಕಾಲಿಗೆ ಎಳೆದುಕೊಂಡು, ಅಲ್ಲಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ ಒಬ್ಬನೇ ಎತ್ತಿಕೊಂಡೆ. ನೋಡುತ್ತಿದ್ದವರು "ಶಹಬ್ಬಾಸ್" ಅಂದರು. ಆ ಶಹಬ್ಬಾಸಿನ ಜೊತೆಗೇ ಕಿಬ್ಬೊಟ್ಟೆಯಲ್ಲಿ ಏನೋ ಚಳಕ್ಕೆಂದಿತು.

ಮನೆಗೆ ಹೋಗಿ ನೋಡಿಕೊಂಡರೆ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮಲಗಿದರೆ ಒಳಗೆ ಹೋಗುವುದು, ನಿಂತರೆ ಹೊರಗೆ ಬರುವುದು. ಯಾರಿಗೂ ಹೇಳಲಿಲ್ಲ. ಹೆಂಡತಿಯ ಹಳೆಯ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿಕೊಂಡು ಮೂರು ತಿಂಗಳು ಚೀಲ ಹೊತ್ತೆ. ನಿಂಬೆಹಣ್ಣು ಮೋಸಂಬಿಯಾಯಿತು.

"ಏನಣ್ಣಾ, ಮದುಮಗನಂಗೆ ಹೆಜ್ಜೆ ಎಣಿಸ್ಕಂಡು ನಡೀತೀಯಾ?" ಅಂತ ಜೊತೆಗಾರ ಕೆಣಕಿದ.

"ಕಾಲಿಗೆ ಮುಳ್ಳು."

"ಮೂರು ತಿಂಗಳಿಂದಾನಾ? ಮುಳ್ಳಲ್ಲ ಅದು, ಗಿಡಾನೇ ಬೆಳೆದಿರ್ಬೇಕು."

ಕೊನೆಗೆ ಹಿಡಿದದ್ದು ಹೆಂಡತಿ. ಒಗೆಯಲು ಹಾಕಿದ ಬಟ್ಟೆಯಲ್ಲಿ ತನ್ನ ಸೀರೆಯ ಅಂಚು ಕಂಡು ಮೊದಲು ಬೇರೆಯೇ ಅನುಮಾನ ಪಟ್ಟಳು. ನಿಜ ತಿಳಿದ ಮೇಲೆ ಅನುಮಾನವೇ ವಾಸಿಯಿತ್ತು ಅನ್ನುವ ಹಾಗೆ ಬೈದು, ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ನೋಡಿ, ಕರುಳು ಕೆಳಗೆ ಬಿದ್ದಿದೆ, ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಲೇಬೇಕು, ತಡಮಾಡಿದರೆ ಸಿಕ್ಕಿಕೊಂಡು ಜೀವಕ್ಕೇ ತೊಂದರೆ, ಆಮೇಲೆ ಎರಡು ತಿಂಗಳು ಒಂದು ಕೊಡ ನೀರನ್ನೂ ಎತ್ತುವ ಹಾಗಿಲ್ಲ ಅಂದರು.

ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಬೇಕಿಲ್ಲ, ಅದು ಗೊತ್ತಿತ್ತು. ಎರಡು ತಿಂಗಳು! ಮನೆಯಲ್ಲಿ ನಾಲ್ಕು ಹೊಟ್ಟೆ, ದುಡಿಯುವ ಬೆನ್ನು ಒಂದೇ. "ಸುಗ್ಗಿ ಮುಗೀಲಿ, ಆಮೇಲೆ ನೋಡಾನ" ಅಂದೆ. ಹೆಂಡತಿ ನನ್ನ ಜೊತೆ ವಾದ ಮಾಡಲಿಲ್ಲ. ಮರುದಿನ ಮಧ್ಯಾಹ್ನ, ನಾವೆಲ್ಲ ಬುತ್ತಿ ಬಿಚ್ಚಿ ಕೂತಿದ್ದ ಹೊತ್ತಿಗೆ, ಸೀದಾ ಮಂಡಿಗೇ ಬಂದು ದೊಡ್ಡವ್ವನ ಮುಂದೆ ಎಲ್ಲಾ ಹೇಳಿಬಿಟ್ಟಳು.

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಹನ್ನೊಂದು ಜನ ಗಂಡಸರು, ಐದು ಜನ ಹೆಂಗಸರು, ಎಲ್ಲರೂ ನನ್ನ ಪಂಚೆಯನ್ನೇ ನೋಡುತ್ತಿದ್ದರು.

"ಡ್ರಮ್ಮಿನ ಕಾಳು ಕೊಡಾನ. ಎರಡು ತಿಂಗಳಿಗೆ ಸಾಲ್ತೈತೆ" ಅಂದ ಜೊತೆಗಾರ.

"ನಂಗೆ ಬ್ಯಾಡ" ಅಂದೆ. "ರೂಲು ಅಂದ್ರೆ ರೂಲು. ನಾನು ಬಿದ್ದಿಲ್ಲ."

"ಅಷ್ಟೇ ತಾನೆ? ಹಲಗೆ ಹತ್ತು, ನಾನೇ ತಳ್ತೀನಿ."

ನಗು ಎದ್ದಿತು. ನಾನು ನಗಲಿಲ್ಲ. ಕೆಮ್ಮಿನವನಿಗೆ ಇಲ್ಲ ಅಂದವನು ನಾನು, ತಲೆನೋವಿನವನನ್ನು ಬೈದು ಕಳಿಸಿದವನು ನಾನು. ಈಗ ನಾನೇ ಕೈ ಒಡ್ಡಿದರೆ ಆ ಅಕ್ಷರಕ್ಕೆ ಏನು ಬೆಲೆ? ಇದನ್ನೇ ಜೋರಾಗಿ ಹೇಳಿದೆ. ಒಂದಿಬ್ಬರು ತಲೆಯನ್ನೂ ಆಡಿಸಿದರು.

ದೊಡ್ಡವ್ವ ಜರಡಿ ಪಕ್ಕಕ್ಕಿಟ್ಟು ನನ್ನ ಹೆಂಡತಿಯನ್ನು ಕೇಳಿದಳು. "ಡಾಕ್ಟ್ರು ಏನಂದ್ರೇ ತಾಯಿ? ಅವರಂದಂಗೇ ಹೇಳು."

"ಕರುಳು ಬಿದ್ದೈತೆ ಅಂದ್ರು ದೊಡ್ಡವ್ವ."

"ಏನಾಗೈತೆ?"

"ಬಿದ್ದೈತೆ."

"ಎಲ್ಲಿಂದ ಎಲ್ಲಿಗೆ?"

"ಮೇಲಿಂದ ಕೆಳಕ್ಕೆ."

ದೊಡ್ಡವ್ವ ನನ್ನ ಕಡೆ ತಿರುಗಿದಳು. "ಏನಪ್ಪಾ ಅಕ್ಷರಸ್ಥ, ಓದು ನೀ ಬರ್ದಿದ್ದ."

"ಬಿದ್ದವರಿಗೆ ಮಾತ್ರ" ಅಂದೆ.

"ಇಡೀ ಮನುಷ್ಯನೇ ಬೀಳ್ಬೇಕು ಅಂತ ಎಲ್ಲಿ ಬರ್ದೀಯಾ, ತೋರ್ಸು. ಕರುಳು ನಿಂದಲ್ಲೇನು? ಬಾಡಿಗೆಗೆ ತಂದಿದ್ದಾ?"

ಮಂಡಿ ಬಿದ್ದು ಬಿದ್ದು ನಕ್ಕಿತು. ಆ ಗದ್ದಲದಲ್ಲೇ ಹಲ್ಲಿನ ಹಮಾಲ ಎದ್ದು ನಿಂತ. "ಹಂಗಾದ್ರೆ ನಂದೂ ಲೆಕ್ಕಕ್ಕೆ ತಗೋಬೇಕು! ಎರಡು ವರ್ಷದ ಹಿಂದೆ ನನ್ನ ಹಲ್ಲು ಬಿದ್ದಿತ್ತು!"

"ನಿನ್ನ ಹಲ್ಲು ಚೀಲ ಹೊರ್ತಿತ್ತೇನೋ? ಇವನ ಹೊಟ್ಟೆ ಹೊತ್ತೈತೆ. ಕುಂದ್ರು ಸುಮ್ನೆ!" ಅಂತ ದೊಡ್ಡವ್ವ ಗದರಿದಳು.

ಅವನು ಕೂತ. ನಾನು ಮಾತ್ರ ಇನ್ನೂ ಬಗ್ಗಲಿಲ್ಲ, ಬೇರೆ ಏನೋ ನೆಪ ತೆಗೆದೆ. ಆಗ ದೊಡ್ಡವ್ವ ನನ್ನ ಹತ್ತಿರ ಬಂದು, ನನಗಷ್ಟೇ ಕೇಳುವಂತೆ ಅಂದಳು. "ನಾವು ಗುಡಿಸಿದ ಕಾಳು ನಿನ್ನ ಗಂಟಲಾಗೆ ಇಳಿಯಾಕಿಲ್ಲ. ಅದೇ ಅಲ್ವೇನೋ ತಮ್ಮಾ?"

ಅವಳು ಹೇಳಿದ್ದು ನಿಜ. ರೂಲು, ಅಕ್ಷರ, ಬೆಲೆ ಅಂತ ನಾನು ಬಡಬಡಿಸಿದ್ದರ ತಳದಲ್ಲಿ ಇದ್ದದ್ದು ಅದೇ. ಇನ್ನೊಬ್ಬರು ಬಿದ್ದಾಗ ಎತ್ತಿ ಕೊಡುವುದು ನನಗೆ ಸಲೀಸಾಗಿತ್ತು. ತೆಗೆದುಕೊಳ್ಳುವವರ ಸಾಲಿನಲ್ಲಿ ನಿಲ್ಲುವುದನ್ನು ನಾನು ಕಲಿತಿರಲಿಲ್ಲ. ಕಾಲು ಮುರಿದಿದ್ದ ಆ ಕಿರಿಯ ಎದುರಿಗೇ ಕೂತು ಮುದ್ದೆ ಮುರಿಯುತ್ತಿದ್ದ. ಡ್ರಮ್ಮಿಗೂ ಮುಂಚೆ, ನಮ್ಮ ನಮ್ಮ ಕೂಲಿಯಲ್ಲೇ ತೆಗೆದು ಮೂರು ತಿಂಗಳು ಅವನ ಮನೆ ನಡೆಸಿದ್ದೆವು. ಅದಕ್ಕೆ ಅವನು ಒಂದು ಗುಲಗಂಜಿಯಷ್ಟೂ ಕುಗ್ಗಿರಲಿಲ್ಲ. ನನಗಿಂತ ಎರಡು ಚೀಲ ಹೆಚ್ಚೇ ಹೊರುತ್ತಿದ್ದ.

"ಯಾವಾಗ ಹೋಗ್ಬೇಕು ಶಿವಮೊಗ್ಗಕ್ಕೆ?" ಅಂತ ಹೆಂಡತಿಯನ್ನು ಕೇಳಿದೆ.

"ನಾಳೆ. ಬಟ್ಟೆ ಆಗ್ಲೇ ಗಂಟು ಕಟ್ಟೀನಿ" ಅಂದಳು.

ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದೆ. ಆಪರೇಷನ್ ಸುಸೂತ್ರವಾಯಿತು. ಕಷ್ಟ ಕೊಟ್ಟವನೆಂದರೆ ಜೊತೆಗಾರನೊಬ್ಬನೇ. ನೋಡಲು ಬಂದವನು ಮಂಡಿಯ ಸುದ್ದಿ ಹೇಳಿ ಹೇಳಿ ನಗಿಸುತ್ತಿದ್ದ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು. "ಅಳಿಸೋ ಸುದ್ದಿ ಇದ್ರೆ ಹೇಳು, ಇಲ್ಲಾ ಎದ್ದು ಹೋಗು" ಅಂತ ಬೇಡಿಕೊಂಡೆ. ಪಕ್ಕದ ಮಂಚದವರು, ಇವರಿಗೆ ಹುಚ್ಚೋ ಕರುಳಿನ ರೋಗವೋ ಅಂತ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ಶನಿವಾರಕ್ಕೊಮ್ಮೆ ಕಾಳು ಬಂತು. ಭತ್ತ, ಜೋಳ, ಒಮ್ಮೆ ಶೇಂಗಾ. ಮೊದಲ ವಾರದ ಅನ್ನ ಬಾಯಿಗಿಡುವಾಗ ಕಲ್ಲು ಸಿಗುತ್ತದೇನೋ ಅಂತ ನಿಧಾನವಾಗಿ ಅಗಿದೆ. ಒಂದೇ ಒಂದು ಕಲ್ಲು ಸಿಗಲಿಲ್ಲ. ದೊಡ್ಡವ್ವ ಎರಡು ಸಲ ಆರಿಸಿ ಕಳಿಸುತ್ತಿದ್ದಳಂತೆ. ಜಗುಲಿಯ ಮೇಲೆ ಕೂತಿದ್ದರೆ ದಾರಿಹೋಕರು "ಏನಣ್ಣಾ, ಸಾವ್ಕಾರಂಗೆ ಕುಂತುಬಿಟ್ಟೆ!" ಅನ್ನುತ್ತಿದ್ದರು. "ಹೂಂ ಕಣಪ್ಪ, ಕುಂತು ಉಣ್ಣಾಕೆ ಹದಿನೈದು ವರ್ಷ ಹೊತ್ತೀನಿ" ಅನ್ನುವಷ್ಟು ಗೆಲುವಾಗಿದ್ದೆ.

ಅತ್ತ ಮಂಡಿಯಲ್ಲಿ ಚೀಲಕ್ಕೆ ಬರೆಯುವವರಿಲ್ಲದೆ ಜೊತೆಗಾರ ಕುಂಚ ಹಿಡಿದಿದ್ದ. ಅವನಿಗೆ ಅಕ್ಷರ ಬಾರದು. ನ್ಯಾಮತಿಗೆ ಒಂದು ಸೊನ್ನೆ, ಚನ್ನಗಿರಿಗೆ ಒಂದು ಅಡ್ಡಗೆರೆ ಅಂತ ಇಟ್ಟುಕೊಂಡಿದ್ದ. ಮೂರನೇ ವಾರಕ್ಕೆ ಸೊನ್ನೆ ಯಾವುದು ಗೆರೆ ಯಾವುದು ಅಂತ ಮರೆತುಹೋಗಿ, ನ್ಯಾಮತಿಯ ಜೋಳ ಚನ್ನಗಿರಿಗೂ ಚನ್ನಗಿರಿಯ ಅಕ್ಕಿ ನ್ಯಾಮತಿಗೂ ಹೋಗಿ ಕೂತವು. ಎರಡೂ ಊರಿನ ಅಂಗಡಿಯವರು ಒಂದೇ ದಿನ ಸಾಹುಕಾರರನ್ನು ಹಿಡಿದು ಜಾಡಿಸಿದರು.

ಮರುದಿನ ಬೆಳಿಗ್ಗೆ ಸಾಹುಕಾರರು ಕೊಡೆ ಹಿಡಿದುಕೊಂಡು ನಮ್ಮ ಮನೆಯ ಮುಂದೆ ನಿಂತಿದ್ದರು. ಅವರು ನಮ್ಮ ಓಣಿಗೆ ಬಂದದ್ದು ಅದೇ ಮೊದಲು. ಹೆಂಡತಿ ಚಾಪೆ ಹಾಸಿದಳು.

"ಹೆಂಗಿದೀಯೋ?"

"ಅದೀನಿ ಸಾವ್ಕಾರ್ರೆ."

"ಹೊರಬ್ಯಾಡ ನೀನು. ಸುಮ್ನೆ ಬಂದು ನೆಳ್ಳಾಗೆ ಕುಂತು ಚೀಲಕ್ಕೆ ಬರ್ದುಕೊಟ್ಟು ಹೋಗು, ಅಷ್ಟೇ ಸಾಕು."

ಮೊದಲಿನ ನಾನಾಗಿದ್ದರೆ ಚಪ್ಪಲಿ ಮೆಟ್ಟದೆ ಹಿಂದೆಯೇ ಓಡುತ್ತಿದ್ದೆ. ಅವತ್ತು ಏನೋ ಧೈರ್ಯ ಬಂತು. "ನಾನೀಗ ಡ್ರಮ್ಮಿನ ಅನ್ನ ಉಣ್ತಾ ಇದೀನಿ ಸಾವ್ಕಾರ್ರೆ. ಎರಡು ತಿಂಗಳು ಅವರ ಆಳು ನಾನು. ಕರೆಯೋದಿದ್ರೆ ಅವರನ್ನ ಕೇಳ್ರಿ" ಅಂದೆ.

"ಯಾರನ್ನ?"

"ಕಾಳು ಗುಡಿಸೋರನ್ನ. ನನ್ನ ಜೊತೆಗಾರನ್ನ."

ಸಾಹುಕಾರರು ಕೊಡೆಯ ತುದಿಯಿಂದ ನೆಲ ಕೆದಕಿದರು. ಆಮೇಲೆ, "ಎದ್ದೇಳು, ಇಬ್ಬರೂ ಹೋಗಿ ಕೇಳಾನ" ಅಂದರು. ಮಂಡಿಯವರೆಗೂ ನನ್ನ ನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ನಡೆದರು. ಕೊಡೆಯನ್ನು ಅರ್ಧ ನನ್ನ ಕಡೆಗೇ ಹಿಡಿದಿದ್ದರು.

ಮಂಡಿಯಲ್ಲಿ ಸಾಹುಕಾರರು ಕೇಳಿದ್ದೇ ತಡ, ಜೊತೆಗಾರ ಎದೆ ಸೆಟೆಸಿ ನಿಂತ. "ಅಣ್ಣ ಬಂದು ಕುಂತು ಬರೀತಾನೆ. ಆದ್ರೆ ಲೋಡಿಗೆ ನಮ್ಮದು ಒಂದು ಸೇರು, ನಿಮ್ಮದು ಒಂದು ಸೇರು. ಆ ಮಂಡಿ ಈ ಮಂಡಿ ಅಂತ ಅಂದಿದ್ರಲ್ಲ, ನಿಮ್ಮ ಲೋಡಿಗೆ ಎಷ್ಟೋ ಅಷ್ಟೇ ಡ್ರಮ್ಮಿಗೆ ಹಾಕ್ರಿ. ಬ್ಯಾರೆ ಮಂಡಿಯೋರ ಪಾಲು ನೀವು ಕೊಡಬ್ಯಾಡ್ರಿ."

ಅದು ಸಾಹುಕಾರರದೇ ವಾದ. ಒಂದು ಕ್ಷಣ ಲಾರಿ ನೋಡಿದರು, ಚೀಲ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೇರು ಕೇಳಿ ತೆಗೆದುಕೊಂಡು, ತಮ್ಮದೇ ಭತ್ತದ ರಾಶಿಯಿಂದ ತುಂಬಿ, ಅಂಗೈಯಿಂದ ಮೇಲುಭಾಗ ಸವರಿ ಸಮ ಮಾಡಿದರು.

"ಗುಪ್ಪೆ ಸೇರು ಸಾವ್ಕಾರ್ರೆ" ಅಂದಳು ದೊಡ್ಡವ್ವ. "ನಾವು ಸವರಿ ಹಾಕಲ್ಲ."

ಅವರು ಮತ್ತೊಂದು ಹಿಡಿ ಸುರಿದರು. ಕಾಳು ಸೇರಿನ ಅಂಚಿನಿಂದ ಉದುರಿತು. ದೊಡ್ಡವ್ವ ಮುಚ್ಚಳ ತೆರೆದಳು, ಅವರು ಸುರಿದರು.

"ಅಲ್ರಲೇ, ನಾನೂ ಹಾಕೀನಲ್ಲ. ನನಗೇನಾದ್ರೂ ಆದ್ರೆ ಇದರಾಗೆ ನಂಗೂ ಕೊಡ್ತೀರೇನು?" ಅಂದರು ಸಾಹುಕಾರರು.

"ಯಾಕಿಲ್ಲ?" ಅಂದ ಜೊತೆಗಾರ. "ಒಂದು ಜೋಳದ ಚೀಲ ಹೊತ್ತು ತೋರ್ಸ್ರಿ, ಆಮೇಲೆ ಕೊಡಾನ."

ಸಾಹುಕಾರರು ಜೋರಾಗಿ ನಕ್ಕು, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ನನಗೆ ಒಂದು ಖಾಲಿ ಪೆಟ್ಟಿಗೆ ಬೋರಲು ಹಾಕಿ ಕೂರಿಸಿದರು. ಮಸಿ ಡಬ್ಬಿ ಬಂತು. ಎದುರಿಗಿದ್ದ ಚೀಲ ಸರಿಯಾಗಿಲ್ಲ ಅಂತ ಎಳೆದುಕೊಳ್ಳಲು ಕೈ ಹಾಕಿದೆನೋ ಇಲ್ಲವೋ, ಹದಿನಾರು ಜನ ಒಟ್ಟಿಗೇ ಗದರಿದರು. ಕೈ ಹಿಂದಕ್ಕೆ ತೆಗೆದುಕೊಂಡೆ. ಕಾಲು ಮುರಿದಿದ್ದ ಕಿರಿಯ ಬಂದು ಚೀಲವನ್ನು ನನ್ನ ಮುಂದಕ್ಕೆ ಸರಿಸಿಕೊಟ್ಟ. ನಾನು ಕುಂಚ ಅದ್ದಿ, "ನ್ಯಾಮತಿ" ಅಂತ ಬರೆದೆ.